ಹೊಂಗೆ ಎಲೆಯ ಬೆನ್ನು

ಮಾರ್ಚ್ ೬, ಗುರುವಾರ

ಏಳು ಸಾವಿತ್ರಿಬಾಯಿ, ಪರದೆ ಎದ್ದಿದೆ! ಎದುರಿಗೆ ಒಬ್ಬ ಪ್ರೇಕ್ಷಕನಿಲ್ಲ, ಪಕ್ಕದಲ್ಲಿ ಹಾರ್ಮೋನಿಯಂ ಇಲ್ಲ, ಮೇಲೆ ಬಣ್ಣದ ದೀಪವಿಲ್ಲ. ಇರುವುದು ಅಡುಗೆಮನೆಯ ಕಟ್ಟೆ, ಒಂದು ಹಳೆಯ ಡೈರಿ, ಒಂದು ಪೆನ್ನು. ಆದರೂ ಹೇಳಲೇಬೇಕು. ನಾಟಕದ ಡೇರೆಯಲ್ಲಿ ಹುಟ್ಟಿ, ಸೀನಿನ ಪರದೆಯ ಹಿಂದೆ ಜೋಲಿಯಲ್ಲಿ ಮಲಗಿ, ಹರೆಯಕ್ಕೆ ಬರುವ ಮೊದಲೇ ಮೀಸೆ ಅಂಟಿಸಿಕೊಂಡು ರಾಜನ ಪಾರ್ಟು ಮಾಡಿದ ಗಂಟಲು ಇದು. ಮೈಕು ಕೆಟ್ಟ ದಿನವೂ ಕೊನೆಯ ಬೆಂಚಿನವನಿಗೆ ಕೇಳಿಸಿದ ಗಂಟಲು. ಈ ಮನೆಯಲ್ಲಿ ಈಗ ಅದಕ್ಕೆ ಅಳಲು ಅಪ್ಪಣೆಯಿಲ್ಲ. ನಾನು ಅತ್ತರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ, ಮೊದಲು ಪಕ್ಕದ ಕೋಣೆಯಲ್ಲಿ ಮಲಗಿರುವ ಮಗಳಿಗೆ ಕೇಳುತ್ತದೆ.

ಎಲೈ ಕಾಗದವೇ, ಕೇಳು! ನನ್ನ ಒಬ್ಬಳೇ ಮಗಳು ವಾಣಿಶ್ರೀ, ಇದೇ ಶಿಕಾರಿಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು, “ಅವ್ವ, ಬಲಗಣ್ಣಿಗೆ ಮಂಜು ಕವಿದಂಗಿದೆ” ಎಂದಳು. ವಾರ ತುಂಬುವುದರೊಳಗೆ ಎಡಗಣ್ಣೂ ಅದೇ ದಾರಿ ಹಿಡಿಯಿತು. ಕಣ್ಣಿನ ಹಿಂದಿನ ನರಕ್ಕೆ ಬಾವು ಬಂದಿದೆಯಂತೆ. ಶಿವಮೊಗ್ಗದಲ್ಲಿ ಡ್ರಿಪ್ಪಿನಲ್ಲಿ ಔಷಧಿ ಹಾಕಿ ಇಂದು ಮನೆಗೆ ಕಳಿಸಿದ್ದಾರೆ. ದೃಷ್ಟಿ ಎಷ್ಟು ಮರಳುತ್ತದೆ, ಯಾವ ಕಣ್ಣಿಗೆ ಮರಳುತ್ತದೆ ಎಂದು ಕೇಳಿದರೆ ಡಾಕ್ಟರು ಕಾಯಬೇಕು ಎಂದರು. ಕಾಯಬೇಕು! ಅಯ್ಯೋ ವಿಧಿಯೇ, ಸಾವಿತ್ರಿಬಾಯಿಗೆ ಕಾಯುವ ಪಾರ್ಟನ್ನು ಯಾವ ಕಂಪನಿಯೂ ಕೊಟ್ಟಿರಲಿಲ್ಲವಲ್ಲ!

ಅವಳು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಕಾರಿನಲ್ಲಿ ಕೇಳಿದ್ದು ಒಂದೇ ಮಾತು: “ಅವ್ವ, ಹೊಂಗೆ ಗಿಡ ಚಿಗುರಿದ್ವಾ?”

ಮಾರ್ಚ್ ೯, ಭಾನುವಾರ

ಇಂದು ನನಗೆ ಹೊಸ ಪಾರ್ಟು ಸಿಕ್ಕಿತು! ಬಣ್ಣ ಹಚ್ಚುವ ಪಾರ್ಟು, ಆದರೆ ಮುಖಕ್ಕಲ್ಲ, ಎಲೆಯ ಬೆನ್ನಿಗೆ.

ಸಂಗತಿ ಹೀಗಿದೆ. ಸೊರಬದ ಕಡೆ ಹೊಸಬಾಳೆಯಲ್ಲಿ ಲೋಕಪ್ಪ ಎಂಬ ರೈತರಿದ್ದಾರೆ, ನಮ್ಮ ಕಂಪನಿಯ ಹಳೇ ಅಭಿಮಾನಿ. ಅವರ ಕೆರೆಯ ಕೆಳಗಿನ ಹೊಲದಲ್ಲಿ ವಾಣಿ ಒಂದೇ ಮರದ ಬೀಜದಿಂದ ಹೊಂಗೆ ಸಸಿ ಮಾಡಿದ್ದಳು. ಜನವರಿಯಲ್ಲಿ ಅರ್ಧದಷ್ಟನ್ನು ಅಲ್ಲೇ ಬಿಟ್ಟು, ಅರ್ಧವನ್ನು ತಂದು ನಮ್ಮೂರ ಹೊರಗಿನ ಜಲ್ಲಿ ನೆಲದಲ್ಲಿ ನೆಟ್ಟಳು. ಅಲ್ಲಿ ತಂಪು, ತೇವ. ಇಲ್ಲಿ ಬಿಸಿಲು, ಬಯಲುಗಾಳಿ. ಒಂದೇ ತಾಯಿಯ ಮಕ್ಕಳು ಎರಡು ಊರಲ್ಲಿ ಬೆಳೆದರೆ ಅವುಗಳ ಎಲೆಯ ರಂಧ್ರಗಳು ಬೇರೆ ಬೇರೆಯಾಗುತ್ತವೆಯೇ? ಇದು ಅವಳ ಪಿಎಚ್.ಡಿ.ಯ ಪ್ರಶ್ನೆ.

“ಎಂಥಾ ರಂಧ್ರವೇ?” ಎಂದೆ.

“ಎಲೆ ಬೆನ್ನಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿ ಇರ್ತವೆ ಅವ್ವ. ತೆಗೆದ್ರೆ ಗಾಳಿ ಒಳಗೆ ಬರುತ್ತೆ, ಅದ್ರಿಂದ ಊಟ ಮಾಡ್ಕೊಳ್ತವೆ. ಆದ್ರೆ ತೆಗೆದಷ್ಟೂ ಹೊತ್ತು ಒಳಗಿನ ನೀರು ಆವಿಯಾಗಿ ಹೋಗ್ತಿರುತ್ತೆ. ನೀರಿಲ್ಲದ ಕಡೆ ಬಾಯಿ ನೋಡ್ಕೊಂಡು ತೆಗೀಬೇಕು.”

“ನನಗೆ ಹೇಳಿದ ಹಾಗಿದೆ.”

“ನಿನಗೆ ಹೇಳಿ ಯಾರು ಗೆದ್ದಿದಾರೆ.” ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕಳು.

ಚಿಗುರು ಯಾರ ಕಣ್ಣಿಗೂ ಕಾಯುವುದಿಲ್ಲ. ಹೊಸ ಎಲೆ ಬಲಿಯುವುದು ಈ ತಿಂಗಳಲ್ಲೇ. ಅವಳಿಗೆ ಈಗ ನನ್ನ ಮುಖ ಬರೀ ನೆರಳು. ಆದ್ದರಿಂದ ನೋಡುವವಳು ನಾನು. ಎಲೆಯ ಬೆನ್ನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಬೇಕು. ಒಣಗಿದ ಮೇಲೆ ಟೇಪು ಅಂಟಿಸಿ ಕೀಳಬೇಕು. ಪಾಲಿಶಿನ ಪೊರೆಯ ಮೇಲೆ ಎಲೆಯ ಅಚ್ಚು ಮೂಡಿರುತ್ತದೆ. ಅದನ್ನು ಗಾಜಿಗೆ ಅಂಟಿಸಿ ಮೈಕ್ರೋಸ್ಕೋಪಿನ ಕೆಳಗಿಡಬೇಕು. ಕಾಲೇಜಿನವರು ಒಂದು ಮೈಕ್ರೋಸ್ಕೋಪನ್ನು ಮನೆಗೇ ಕೊಟ್ಟಿದ್ದಾರೆ, ಪುಣ್ಯಾತ್ಮರು.

ಲೋಕಪ್ಪನವರು ಬಸ್ಸಿನಲ್ಲಿ ಕಳಿಸಿದ ಹೊಸಬಾಳೆಯ ಎಲೆಯಿಂದಲೇ ಶುರು ಮಾಡಿದೆ. ಅಹಾ, ಏನು ಕಂಡೆ! ಹಸಿರು ಸಾಮ್ರಾಜ್ಯದಲ್ಲಿ ತುಟಿಗಳ ದಂಡು! ತೆರೆದ ತುಟಿ, ಬಿಗಿದ ತುಟಿ, ಸಾವಿರ ನಟರು ಒಂದೇ ಸಲ ಪಲ್ಲವಿ ಎತ್ತಿದ ಹಾಗೆ!

“ಎಷ್ಟಿವೆ ಅವ್ವ?”

“ಅಸಂಖ್ಯಾತ!”

“ಥೀಸಿಸ್ಸಲ್ಲಿ ಅಸಂಖ್ಯಾತ ಅಂತ ಬರೆಯಕ್ಕಾಗಲ್ಲ. ಎಣಿಸು. ಮತ್ತೆ ಪಾಲಿಶ್ ಅಚ್ಚಿಗೆ ಹಸಿರು ಎಲ್ಲಿಂದ ಬಂತು?”

ಹಸಿರು ಇರಲಿಲ್ಲ, ನಿಜ. ಗಾಜಿನ ಬಣ್ಣವೇ ಇತ್ತು. ಎಲೆ ಎಂದ ಮೇಲೆ ಹಸಿರು ಬಾಯಿಗೆ ತಾನಾಗಿ ಬಂದುಬಿಟ್ಟಿತು.

ಮಾರ್ಚ್ ೧೬, ಭಾನುವಾರ

ಇಂದು ಜಲ್ಲಿ ನೆಲದ ಗಿಡಗಳ ಸರದಿ. ಬಿಸಿಲೋ ಬಿಸಿಲು! ನೆತ್ತಿಯ ಮೇಲೆ ಕೆಂಡದ ಕಿರೀಟ ಇಟ್ಟ ಹಾಗೆ. ಎಲೆ ಕಿತ್ತು ತಂದೆ, ಅಚ್ಚು ತೆಗೆದೆ, ಕಣ್ಣಿಟ್ಟೆ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆಯಿಂದ ತುತ್ತು ಇಳಿದಿರಲಿಲ್ಲ. ಕಿಟಕಿಯ ಸರಳು ಎಡಗಣ್ಣಿಗೆ ಕಾಣಿಸಿತು ಎಂದು ನಿನ್ನೆ ಹಿಗ್ಗಿದ್ದಳು, ಇಂದು ಅದೂ ಕಾಣಿಸಲಿಲ್ಲವಂತೆ. “ಅವ್ವ, ಹೊಸಬಾಳೆ ಎಲೆಗಿಂತ ಇಲ್ಲಿನ ಎಲೆಯಲ್ಲಿ ಸಣ್ಣ ಸಣ್ಣವು ಒತ್ತೊತ್ತಾಗಿ ಇರ್ಬೇಕು. ಇದಾವಾ?” ಎಂದಳು. ಆ ‘ಇದಾವಾ’ ಎಂಬ ಒಂದು ಮಾತಿನಲ್ಲಿ ಅವಳ ಪ್ರಾಣವೇ ಇತ್ತು.

ನನಗೆ ಹಾಗೇನೂ ಕಾಣಲಿಲ್ಲ. ಅಲ್ಲಿಯ ಎಲೆಯ ಹಾಗೆಯೇ ಇತ್ತು. ಆದರೆ ಕಂಪನಿಯಲ್ಲಿ ನಮಗೆ ಮೀಸೆಗಿಂತ ಮೊದಲು ಅಂಟಿಸಿದ ಪಾಠ ಒಂದಿದೆ. ಎದುರಿನವನು ಮಾತು ಮರೆತು ನಿಂತರೆ ನೀನು ತುಂಬಿಕೊಡಬೇಕು. ಖಡ್ಗ ತರುವವನು ಬರಿಗೈಯಲ್ಲಿ ಬಂದರೆ, ‘ಅಗೋ, ನಿನ್ನ ಕಣ್ಣೇ ಖಡ್ಗ’ ಎನ್ನಬೇಕು. ಸೀನು ಬೀಳಬಾರದು. ಯಾರ ಸೀನೂ ಬೀಳಗೊಡದೆ ಬದುಕಿದವಳು ನಾನು, ಹೆತ್ತ ಮಗಳ ಸೀನು ಬೀಳಗೊಡಲೇ?

“ಇದಾವೆ ಕಣೇ!” ಎಂದು ಗುಡುಗಿದೆ. “ಸಣ್ಣ ಸಣ್ಣವು, ಒಂದರ ಹೆಗಲಿಗೆ ಒಂದು ತಾಗಿಸ್ಕೊಂಡು, ಜಾತ್ರೆಗೆ ಬಂದ ಜನದ ಹಾಗೆ!” ಸಂಖ್ಯೆಯನ್ನೂ ಹೇಳಿದೆ. ಅವಳು ಅದನ್ನು ಫೋನಿಗೆ ಉಸುರಿ ಇಟ್ಟುಕೊಂಡಳು. ಆಮೇಲೆ ಎರಡು ರೊಟ್ಟಿ ತಿಂದಳು, ಬದನೆಕಾಯಿ ಎಣ್ಣೆಗಾಯಿ ಕೇಳಿ ಹಾಕಿಸಿಕೊಂಡಳು.

ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ, ಅಷ್ಟೇ.

ಮಾರ್ಚ್ ೧೮, ಮಂಗಳವಾರ

ಸೀನು ಬಿತ್ತು.

ಎಲೆಗಳನ್ನು ಗಿಡವಾರು ಪೊಟ್ಟಣ ಕಟ್ಟಿ ಒಣಗಿಸಿಡಬೇಕು ಎಂದಿದ್ದಳು. ಇಂದು ಮಧ್ಯಾಹ್ನ ಅವುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿದಳು. ನಾನು ಅಕ್ಕಿ ಆರಿಸುತ್ತಿದ್ದೆ.

“ಅವ್ವ, ಇವು ಎಲ್ಲಿಂದ ಕಿತ್ತಿದ್ದು?”

“ನೀನು ಹೇಳಿದ ಗಿಡದಿಂದಲೇ.”

“ಗಿಡದಲ್ಲಿ ಎಲ್ಲಿಂದ?”

ಬುಡದ ಕಡೆಯಿಂದ. ತುದಿಯ ಎಲೆಗಳು ಚಿಕ್ಕವು, ಬಿಸಿಲಿಗೆ ಸೋತು ಜೋತಿದ್ದವು, ನೋಡಲು ಲಕ್ಷಣವಿರಲಿಲ್ಲ. ತಾಂಬೂಲಕ್ಕೆ ಆರಿಸುವ ಹಾಗೆ ದೊಡ್ಡ, ದಪ್ಪ, ಹೊಳೆಯುವ ಎಲೆಗಳನ್ನು ಆರಿಸಿದ್ದೆ. ಹೇಳಿದೆ.

ಅವಳು ಎಲೆಯನ್ನು ಮಡಿಲಲ್ಲಿಟ್ಟುಕೊಂಡಳು. “ಇವು ಹಳೇ ಎಲೆ ಅವ್ವ, ಹೊಸಬಾಳೆಯಿಂದ ಬರುವಾಗಲೇ ಗಿಡದ ಮೇಲೆ ಇದ್ದವು. ಎಲೆ ಎಳೇದಿರುವಾಗಲೇ ಬಾಯಿ ಎಷ್ಟು, ಎಷ್ಟು ದೊಡ್ಡದು ಅಂತ ತೀರ್ಮಾನ ಆಗಿಬಿಡುತ್ತೆ. ಬಲಿತ ಮೇಲೆ ಯಾವ ಊರಿಗೆ ತಂದು ನೆಟ್ರೂ ಹೊಸದು ಹುಟ್ಟಲ್ಲ. ಇವು ಇಲ್ಲಿ ಒತ್ತೊತ್ತಾಗಿ ಇರೋಕೆ ಸಾಧ್ಯನೇ ಇಲ್ಲ.”

ನಾನು ಅಕ್ಕಿಯ ಮೊರ ಪಕ್ಕಕ್ಕಿಟ್ಟೆ.

“ನೀನು ಕಂಡಿದ್ದೇನು?”

“ಅಲ್ಲಿ ಇದ್ದ ಹಾಗೇ ಇತ್ತು.”

“ಮತ್ತೆ ಜಾತ್ರೆ ಎಲ್ಲಿಂದ ತಂದೆ?”

“ನೀನು ಊಟ ಮಾಡಿರಲಿಲ್ಲವಲ್ಲೇ…”

ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಉತ್ತರ ಗೊತ್ತಿತ್ತು. ಮೆಲ್ಲಗೆ ಹೇಳಿದಳು: “ನನ್ನ ಕಣ್ಣು ಹೋದ್ರೂ ಅವ್ವನ ಕಣ್ಣಿದೆ ಅಂದ್ಕೊಂಡಿದ್ದೆ. ನೀನು ಕಣ್ಣಿಗೂ ಬಣ್ಣ ಹಚ್ಕೊಂಡು ಕೂತಿದೀಯ. ನಾಳೆ ಡಾಕ್ಟರು ನಿನ್ನ ಹತ್ರ ಒಂದು ಹೇಳಿದ್ರೆ ನೀನು ನನಗೆ ಇನ್ನೊಂದು ಹೇಳ್ತೀಯ. ನಾನು ಯಾರನ್ನ ಕೇಳ್ಲಿ?”

ಫೋನಿನಲ್ಲಿದ್ದ ಸಂಖ್ಯೆಗಳನ್ನೆಲ್ಲ ಅಳಿಸಿಸಿದಳು. ಯಾವ ಗುಂಡಿ ಒತ್ತಬೇಕೆಂದು ಅವಳು ಹೇಳಿದಳು. ಒತ್ತಿದವಳು ನಾನು.

ಮಾರ್ಚ್ ೧೯, ಬುಧವಾರ

ಬರೆಯಲು ಏನೂ ಇಲ್ಲ. ಅವಳು ಮಾತಾಡಿಲ್ಲ.

ಮಾರ್ಚ್ ೩೦, ಭಾನುವಾರ, ಯುಗಾದಿ

ಬೇವು ಬೆಲ್ಲ ಕೊಟ್ಟೆ. ಈ ಹತ್ತು ಹನ್ನೆರಡು ದಿನ ಅವಳು ನನಗೆ ತಾಲೀಮು ಮಾಡಿಸುತ್ತಿದ್ದಾಳೆ. ನಾಟಕದ ಮೇಷ್ಟ್ರಿಗಿಂತ ಕಠಿಣ. “ಕಿಟಕಿ ಹೊರಗೆ ಏನಿದೆ?” ಎನ್ನುತ್ತಾಳೆ. “ರಣಭೂಮಿಯಂಥ ಬೀದಿ” ಎಂದರೆ, “ಏನಿದೆ ಹೇಳು, ಹೇಗಿದೆ ಬೇಡ” ಎನ್ನುತ್ತಾಳೆ. ಒಂದು ಸ್ಕೂಟರು. ಒಂದು ಕರಿ ನಾಯಿ, ಮಲಗಿದೆ. ಎದುರುಮನೆ ಹೂವಮ್ಮ ಬಾಗಿಲಿಗೆ ಮಾವಿನ ಎಲೆ ಕಟ್ಟುತ್ತಿದ್ದಾಳೆ.

“ಎಲೆ ಸಾಲು ನೆಟ್ಟಗಿದೆಯಾ?”

“ಇಲ್ಲ. ಎಡಕ್ಕೆ ಇಳಿದಿದೆ.”

“ಹಾಂ, ಈಗ ನನಗೂ ಕಾಣಿಸ್ತು” ಎಂದಳು.

ಅದನ್ನು ಕೇಳಿ ನನಗೆ ಏನೋ ಆಯಿತು. ಸ್ಟೇಜಿನ ಮೇಲೆ ಊರೆಲ್ಲ ಬೆಂಕಿ ಬಿದ್ದಂತೆ ವರ್ಣಿಸಿದ್ದೇನೆ, ಜನ ಬೆವರಿದ್ದಾರೆ. ಒಂದು ಸೊಟ್ಟ ತೋರಣವನ್ನು ಒಬ್ಬರಿಗೆ ಕಾಣಿಸಿದ್ದು ಇದೇ ಮೊದಲು.

ಮಧ್ಯಾಹ್ನ ಇಬ್ಬರೂ ಆಟೋದಲ್ಲಿ ಜಲ್ಲಿ ನೆಲಕ್ಕೆ ಹೋದೆವು. ಅವಳು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ತುದಿಯಿಂದ ಕೆಳಗೆ ಎಲೆ ಸವರುತ್ತ ಬಂದು, ಇದು, ಇದು ಎಂದು ತೋರಿಸಿದಳು. ಬಲಿತ ಮೇಲೆ ಅಚ್ಚು ತೆಗೆಯಲು ಗುರುತಾಗಲೆಂದು ನಾನು ಅಂಥವಕ್ಕೇ ದಾರ ಕಟ್ಟಿದೆ. ಹಳೇ ಎಲೆಗಳು ಇನ್ನು ಯಾತಕ್ಕೆ, ಬದಲಾಗದವು, ಕಿತ್ತು ಹಾಕಲೇ ಎಂದು ಕೇಳಿದೆ.

“ಬೇಡ ಬೇಡ. ಈ ಊರಿನ ಗಾಳಿ ಎಂಥದು, ಬಿಸಿಲೆಷ್ಟು ಅಂತ ಮೊದಲು ತಿಳಿಯೋದು ಅವಕ್ಕೇ. ಮೊಗ್ಗೊಳಗೆ ಮಡಚಿಕೊಂಡಿರೋ ಚಿಗುರಿಗೆ ಹೊರಗಿನದು ಗೊತ್ತಾಗಲ್ಲ. ಹಳೇ ಎಲೆ ಸುದ್ದಿ ಕಳಿಸುತ್ತೆ, ಚಿಗುರು ಅದ್ರ ಪ್ರಕಾರ ಬಾಯಿ ಮಾಡ್ಕೊಳ್ಳುತ್ತೆ.”

“ಹೇಗೆ ಕಳಿಸುತ್ತೆ?”

“ಅದು ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ.”

ಗೊತ್ತಿಲ್ಲ ಎಂದು ಅವಳು ಹೇಳಿದ ರೀತಿ ಚೆನ್ನಾಗಿತ್ತು. ತಲೆ ತಗ್ಗಿಸಲಿಲ್ಲ.

ಏಪ್ರಿಲ್ ೬, ಭಾನುವಾರ

ಹೊಸಬಾಳೆಗೆ ನಾನೊಬ್ಬಳೇ ಹೋಗಿದ್ದೆ. ಆನವಟ್ಟಿವರೆಗೆ ಬಸ್ಸು. ಅಲ್ಲಿಂದ ಲೋಕಪ್ಪನವರೇ ಬೈಕಿನಲ್ಲಿ ಕರೆದುಕೊಂಡು ಹೋದರು. ಕೆರೆಯಲ್ಲಿ ನೀರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಗಿಡಗಳು ನನ್ನ ಸೊಂಟದ ಎತ್ತರ. ಹೊಸ ಎಲೆ ಅಗಲವಾಗಿವೆ, ತೆಳ್ಳಗಿವೆ. ಕೆಲವಕ್ಕೆ ಇನ್ನೂ ತಾಮ್ರದ ಬಣ್ಣ. ಅವನ್ನು ಬಿಟ್ಟು, ಹಸಿರಾಗಿ ಪೂರ್ತಿ ಬಿಚ್ಚಿಕೊಂಡವಕ್ಕೆ ಮಾತ್ರ ಪಾಲಿಶ್ ಹಚ್ಚಿದೆ.

ಲೋಕಪ್ಪ ಬದುವಿನ ಮೇಲೆ ಕೂತು ನೋಡುತ್ತಿದ್ದರು. “ಎಂಥ ಮಾರಾಯ್ರೆ, ಗಿಡಕ್ಕೆ ಉಗುರು ಬಣ್ಣ! ಮದುವೆ ಮಾಡ್ತೀರನ?”

“ಅಚ್ಚು ತೆಗೀತೀನಿ.”

“ಅಷ್ಟೇಯಾ? ಹಿಂದೆಲ್ಲ ಒಂದು ಕೇಳಿದ್ರೆ ಹತ್ತು ಹೇಳ್ತಿದ್ರಿ. ಹೋಗಲಿ, ಆನವಟ್ಟಿ ಕ್ಯಾಂಪಲ್ಲಿ ಸಿಂಹಾಸನದ ಮೇಲೆ ನಿಂತು ಹೇಳಿದ್ರಲ್ಲ, ಅದು ಒಂಚೂರು ಹೇಳಿ ಅಕ್ಕಾ. ಕೆರೆ ಆಚೆ ಏರಿಗೆ ಕೇಳಬೇಕು.”

“ಪಾಲಿಶ್ ಒಣಗ್ತಿದೆ ಲೋಕಪ್ಪ. ಈಗ ಕೀಳಬೇಕು.”

ಅವರು ನನ್ನನ್ನೇ ನೋಡಿದರು. “ದನಿ ಯಾಕೋ ಸಣ್ಣ ಆಗ್ಯದೆ. ಜ್ವರನ?”

ಜ್ವರವೇನೂ ಇಲ್ಲ. ದನಿ ಸರಿಯಾಗಿಯೇ ಇದೆ. ಅವರಿಗೇ ವಯಸ್ಸಾಗಿ ಕಿವಿ ಮಂದವಾಗಿರಬೇಕು.

ಹೊರಡುವಾಗ ಅವರು ತಡೆದು ಕೇಳಿದರು: “ಮಗಳ ಕಣ್ಣು ಹೆಂಗೈತೆ, ಖರೆ ಹೇಳಿ.” ಎಡಗಣ್ಣಿಗೆ ದೊಡ್ಡ ಅಕ್ಷರ ಕಾಣುತ್ತಿದೆ, ಬಲಗಣ್ಣಿನದು ಗೊತ್ತಿಲ್ಲ ಎಂದೆ. ಅವರು ಒಂದು ಚೀಲ ಹಲಸಿನ ಹಪ್ಪಳ ಕೊಟ್ಟರು.

ಏಪ್ರಿಲ್ ೧೩, ಭಾನುವಾರ

ವಾರವೆಲ್ಲ ಎಣಿಸಿದೆ. ಒಂದೊಂದು ಅಚ್ಚನ್ನೂ ಎರಡು ಸಲ. ಯಾವ ಊರಿನದು ಎಂದು ನನಗೆ ಗೊತ್ತಾಗಬಾರದೆಂದು ಗಾಜುಗಳನ್ನು ಅವಳೇ ಕಲೆಸಿಕೊಟ್ಟಳು. ಯಾವುದೆಂದು ನನಗೆ ಹೇಳದೆ ಒಂದು ಊರಿನವಕ್ಕೆ ಅಂಚಿನಲ್ಲಿ ಟೇಪಿನ ಗುರುತು ಹಾಕಿಕೊಂಡಿದ್ದಳು. ನಾನು ಎಣಿಸಿ ವಾಪಸು ಕೊಟ್ಟ ಮೇಲೆ ಮುಟ್ಟಿ ನೋಡಿ ಬೇರೆ ಮಾಡುತ್ತಿದ್ದಳು. ಯಾವ ಗಿಡದ್ದು ಎಂಬ ಚೀಟಿಯನ್ನು ಗಾಜಿನ ಅಂಚಿಗೆ ಮಡಚಿ ಅಂಟಿಸಿತ್ತು, ಅದನ್ನು ನಾನು ಬಿಚ್ಚಿದ್ದು ಆಮೇಲೆಯೇ.

ಶಿಕಾರಿಪುರದ ಹೊಸ ಎಲೆಗಳಲ್ಲಿ ರಂಧ್ರ ಸಣ್ಣವು, ಹತ್ತಿರ ಹತ್ತಿರ ಇವೆ. ಹೊಸಬಾಳೆಯವು ಅದಕ್ಕಿಂತ ದೊಡ್ಡವು, ನಡುವೆ ಜಾಗವಿದೆ. ನಾನು ಅಂದು ಸುಳ್ಳಾಗಿ ಹೇಳಿದ್ದೇ ಇವತ್ತು ನಿಜವಾಗಿ ಬಂದಿದೆ. ಆದರೂ ಅಂದು ಹೇಳಿದ್ದು ಸುಳ್ಳೇ.

ಶಿಕಾರಿಪುರದ ಒಂದು ಗಿಡ ಮಾತ್ರ ಹಾಗಿಲ್ಲ. ಅದರ ಹೊಸ ಎಲೆಯೂ ಹೊಸಬಾಳೆಯ ಎಲೆಯಂತೆಯೇ ಇದೆ. ಮೂರನೆಯ ಸಲವೂ ಎಣಿಸಿದೆ. ಇವತ್ತು ಅವಳು ಖುಷಿಯಾಗಿದ್ದಳು, ಎಡಗಣ್ಣಲ್ಲಿ ಕ್ಯಾಲೆಂಡರಿನ ತಾರೀಖು ಓದಿದ್ದಳು. ಹೇಳುವುದೋ ಬೇಡವೋ ಎಂದು ನೀರು ಕುಡಿದು ಬಂದೆ. ಆಮೇಲೆ ಹೇಳಿದೆ.

“ಒಂದು ಗಿಡ ನೀನು ಅಂದ ಹಾಗೆ ಬಂದಿಲ್ಲ ವಾಣಿ.”

“ಯಾವುದು?”

“ಜಲ್ಲಿ ನೆಲದ ಅಂಚಲ್ಲಿ ಕಾಲುವೆ ತೂಬಿದೆಯಲ್ಲ, ಅದರ ಪಕ್ಕದ್ದು.”

“ಖಾತ್ರಿನಾ?”

“ಖಾತ್ರಿ.”

ಗಾಜನ್ನು ಇಸಿದುಕೊಂಡು ಅಂಚಿನ ಟೇಪು ಸವರಿದಳು. ಬೇಸರಪಟ್ಟುಕೊಂಡಳು ಎಂದುಕೊಂಡೆ. “ಉಳಿದವೂ ನಿಜ ಅಂತ ಈಗ ನಂಬಿಕೆ ಬಂತು” ಎಂದಳು. ಆ ಗಿಡಕ್ಕೆ ಏಕೆ ಹಾಗಾಯಿತು, ತೂಬಿನಿಂದ ನೀರು ಸೋರಿ ಬೇರಿಗೆ ಸಿಕ್ಕಿರಬಹುದೇ ಎಂದು ಊಟದವರೆಗೂ ಅದನ್ನೇ ಮಾತಾಡಿದಳು.

ಏಪ್ರಿಲ್ ೨೭, ಭಾನುವಾರ

ಮಂಗಳವಾರ ಶಿವಮೊಗ್ಗಕ್ಕೆ ಹೋಗಬೇಕು. ಇಷ್ಟು ದಿನದಲ್ಲಿ ಬಾರದಿದ್ದರೆ ಬಲಗಣ್ಣಿಗೆ ಇನ್ನು ಹೆಚ್ಚು ಬರುವುದು ಕಷ್ಟ ಎಂದು ಕಳೆದ ಸಲ ಡಾಕ್ಟರು ಹೇಳಿದ್ದರು. ಇಬ್ಬರಿಗೂ ಕೇಳಿಸುವ ಹಾಗೆಯೇ ಹೇಳಿದ್ದರು.

ಬೆಳಿಗ್ಗೆ ತಿಂಡಿ ಆದ ಮೇಲೆ ಅವಳು ಕೋಣೆಯ ಕಿಟಕಿ ಮುಚ್ಚಿಸಿದಳು. ನನ್ನ ಕೈಗೆ ಒಂದು ಸಣ್ಣ ಟಾರ್ಚು ಕೊಟ್ಟಳು.

“ಡಾಕ್ಟರು ಪ್ರತಿ ಸಲ ಇದನ್ನೇ ನೋಡೋದು ಅವ್ವ. ಎಡಗಣ್ಣಿಗೆ ಬೆಳಕು ಬಿಡು, ಹಂಗೇ ಬಲಗಣ್ಣಿಗೆ ತಗೊಂಡು ಬಾ. ಬೆಳಕು ಬಿದ್ದಾಗ ಪಾಪೆ ಕಿರಿದಾಗ್ಬೇಕು. ಬಲಗಣ್ಣಿನ ನರ ಸುಧಾರಿಸಿದ್ರೆ ಅದೂ ಕಿರಿದಾಗೇ ಇರುತ್ತೆ. ಇಲ್ಲಾಂದ್ರೆ ಬೆಳಕಲ್ಲೂ ಹಿಗ್ಗುತ್ತೆ.”

“ಮಂಗಳವಾರ ಅವರೇ ಹೇಳ್ತಾರಲ್ಲೇ.”

“ನಿನ್ನ ಬಾಯಿಂದ ಮೊದಲು ಕೇಳ್ಬೇಕು.”

ಅವಳ ಎದುರು ಸ್ಟೂಲಿನ ಮೇಲೆ ಕೂತೆ. ಎಡಗಣ್ಣಿಗೆ ಬೆಳಕು ಬಿಟ್ಟೆ. ಪಾಪೆ ಕಿರಿದಾಯಿತು. ಬಲಗಣ್ಣಿಗೆ ತಂದೆ.

ಹಿಗ್ಗಿತು.

ಅವಳು ಕಣ್ಣು ಮಿಟುಕಿಸದೆ ಕೂತಿದ್ದಳು. ನನಗೆ ಹೇಳಲು ಬೇರೆ ಎಷ್ಟೋ ಮಾತು ಇದ್ದವು. ನಾಲಿಗೆಯ ತುದಿಗೆ ಬಂದವು ಕೂಡ.

“ಎಡಗಣ್ಣಿಂದು ಕಿರಿದಾಯ್ತು. ಬಲಗಣ್ಣಿಂದು ಹಿಗ್ಗಿತು.”

“ಇನ್ನೊಂದ್ಸಲ.”

ಮಾಡಿದೆ. “ಹಾಗೇ.”

“ಸ್ವಲ್ಪ ಹಿಗ್ಗಿತಾ?”

“ಸ್ವಲ್ಪ ಅಲ್ಲ.”

ಟಾರ್ಚು ಆರಿಸಿದೆ. ಅವಳು ಮುಂದೆ ಬಾಗಿ ಹಣೆಯನ್ನು ನನ್ನ ಭುಜಕ್ಕೆ ಇಟ್ಟಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅತ್ತಳು. ನಾನು ಬೆನ್ನು ಸವರಿದೆ. ಎಷ್ಟು ಹೊತ್ತು ಎಂದು ನೋಡಲಿಲ್ಲ. ಹೊರಗೆ ಹೂವಮ್ಮ ಹಾಲಿನವನನ್ನು ಕೂಗುತ್ತಿದ್ದಳು.

ಆಮೇಲೆ ಮುಖ ತೊಳೆದು ಬಂದು, “ಮೈಕ್ರೋಸ್ಕೋಪು ಕಿಟಕಿ ಹತ್ರ ಇಡು. ಎಡಗಣ್ಣಲ್ಲಿ ನಾನೇ ನೋಡ್ತೀನಿ” ಎಂದಳು.

ಇಟ್ಟೆ. ಗಾಜು ಹಾಕಿದೆ. ಅವಳು ತುಂಬ ಹೊತ್ತು ತಿರುಪು ತಿರುಗಿಸಿದಳು. ಮೊದಲು ಏನೂ ಇಲ್ಲ ಎಂದಳು. ಮತ್ತೆ ತಿರುಗಿಸಿದಳು. “ಬಂತು” ಎಂದಳು. ತುಟಿ ಆಡಿಸುತ್ತ ಎಣಿಸಿದಳು, ನಡುನಡುವೆ ನಿಂತು ಕಣ್ಣೊರೆಸಿಕೊಂಡು ಮತ್ತೆ ಮೊದಲಿಂದ. ಕೊನೆಗೆ ಸಂಖ್ಯೆ ಹೇಳಿ ನನಗೆ ಜಾಗ ಬಿಟ್ಟಳು.

ನಾನು ಕೂತು ಎಣಿಸಿದೆ. ಅವಳು ಪಕ್ಕದಲ್ಲಿ ಗೋಡೆ ಹಿಡಿದು ನಿಂತಿದ್ದಳು.

“ಎರಡು ಬಿಟ್ಟಿದೀಯ” ಎಂದೆ. “ಬಲಗಡೆ ಅಂಚಲ್ಲಿ.”

“ಸರಿ, ಏಳು. ಇನ್ನೊಂದ್ಸಲ ನೋಡ್ತೀನಿ” ಎಂದಳು.